ಹಳೇ ತಟ್ಟಿ ಗೋಡೆಗೆ ಗಾರೆ ಮಾಡಿಸುವ ಮುನ್ನ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಮರದ ಕಂಬ ನೆಟ್ಟು, ಬಿದಿರು ತಟ್ಟಿ ಕಟ್ಟಿ, ಮಣ್ಣು ಮೆತ್ತಿದ ಹಳೇ ಮನೆಗಳು ಇನ್ನೂ ಇವೆ. ಈಗ ಎಲ್ಲರಿಗೂ ಒಂದೇ ಆಸೆ: ಹೊರಗೋಡೆಗೆ ಸಿಮೆಂಟ್ ಗಾರೆ ಮಾಡಿಸಿ ಬಣ್ಣ ಹೊಡೆಸಬೇಕು. ಆಸೆ ತಪ್ಪಲ್ಲ. ಆದರೆ ಗೋಡೆಯ ಗುಣ ತಿಳಿಯದೆ ಮಾಡಿದರೆ ಮನೆಗೇ ಅಪಾಯ.

ಮರ, ಬಿದಿರು, ಮಣ್ಣು ಮಳೆಗಾಲದಲ್ಲಿ ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಸಿಮೆಂಟ್ ಗಟ್ಟಿ, ಅವುಗಳ ಜೊತೆ ಬಗ್ಗಲ್ಲ, ಸೀಳು ಬಿಡುತ್ತೆ. ಸೀಳಲ್ಲಿ ನೀರು ಇಳಿಯುತ್ತೆ, ಆದರೆ ಆರಿ ಹೊರಗೆ ಬರೋಕೆ ದಾರಿ ಇಲ್ಲ. ಒಳಗೆ ಬಿದಿರು ಕೊಳೆಯುತ್ತೆ, ಗೆದ್ದಲು ಹತ್ತುತ್ತೆ. ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ, ಗೋಡೆ ಒಂದು ರಾತ್ರಿ ಕುಸಿಯುತ್ತೆ. ಅದರ ಪಕ್ಕದಲ್ಲಿ ಮಕ್ಕಳು ಮಲಗಿರುತ್ತವೆ, ನೆನಪಿರಲಿ. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿದಾಗ ನೆಂದ ಮಣ್ಣಿನ ಗೋಡೆಯ ಗತಿ ಏನು ಅಂತ ನಾವೆಲ್ಲ ನೋಡಿದ್ದೇವೆ.

ಹಾಗಾದರೆ ಏನು ಮಾಡಬೇಕು? ಮೊದಲು ಕಂಬದ ಬುಡ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕಂಬ ಬದಲಿಸಿ. ಸೂರು ಮುಂದಕ್ಕೆ ಚಾಚಿಸಿ, ಗೋಡೆ ಬುಡದಲ್ಲಿ ನೀರು ನಿಲ್ಲದಂಗೆ ಚರಂಡಿ ತೆಗೆಸಿ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ, ಮರವೇ ಹೆಚ್ಚು. ಅದರ ಹೊರಗೋಡೆಯ ಚಿತ್ರಗಳನ್ನು ಸುತ್ತಲಿನ ಅಗಲವಾದ ಜಗಲಿ, ಸೂರು ಕಾಯುತ್ತಿವೆ.

ಆಮೇಲೆ ಕತ್ತರಿಸಿದ ಹುಲ್ಲು, ಸಗಣಿ ಕಲಸಿದ ಮಣ್ಣು ಮೆತ್ತಿ, ಪೂರ್ತಿ ಆರಲಿ. ಅದರ ಮೇಲೆ ಸುಣ್ಣದ ಗಾರೆ: ಹದಿನೈದು ದಿನ ನೀರಲ್ಲಿ ನೆನೆದ ಸುಣ್ಣ 1 ಪಾಲು, ಮರಳು 3 ಪಾಲು. ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿ ನೀರನ್ನೂ ಸೇರಿಸುತ್ತಿದ್ದರು. ತೆಳ್ಳಗೆ ಎರಡು ಸಲ ಬಳಿಸಿ, ಒಂದು ವಾರ ಒದ್ದೆ ಗೋಣಿ ಹಾಕಿ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ ಯುಗಾದಿಯೊಳಗೆ ಮುಗಿಸಿ.

ಬರೀ ಹಲಗೆ ಗೋಡೆಯಾದರೆ ಟಾರು ಕಾಗದ ಹಾಸಿ, ಕೋಳಿ ಜಾಲರಿ ಮೊಳೆ ಹೊಡೆದು, ಸಿಮೆಂಟ್ 1, ಸುಣ್ಣ 1, ಮರಳು 6ರ ಗಾರೆ ಮಾಡಿಸಬಹುದು. ಹಲಗೆಗೆ ನೇರವಾಗಿ ಗಾರೆ ಹಿಡಿಯಲ್ಲ.

ಕೊನೆಗೆ ನಿರ್ದೇಶಕನಾಗಿ ಒಂದು ಮಾತು. ಸಂಘ ಬೆಳೆ ಸಾಲ ಕೊಡೋದು ಗೊಬ್ಬರ, ಬೀಜಕ್ಕೆ. ಅದನ್ನು ತಂದು ಗೋಡೆಗೆ ಬಳಿದರೆ ಬೆಳೆಯೂ ಇಲ್ಲ, ಗೋಡೆಯೂ ಉಳಿಯಲ್ಲ, ಸಾಲ ಮಾತ್ರ ಉಳಿಯುತ್ತೆ. ಮೇಸ್ತ್ರಿ ಕರೆಯುವ ಮೊದಲು ಗೋಡೆ ಕುಟ್ಟಿ ನೋಡಿ.