ಬಡವನ ಪಕ್ಷದ ವಕೀಲರು: ಕೆ. ಹೊಸಕೋಟೆಯಲ್ಲಿ ಮಾಡಿದ ಭಾಷಣ



ಹೊಸಕೋಟ್ ಮೊಕದ್ದಮೆಯೆಂಬುದು ನಮ್ಮ ದೇಶದ ವಕೀಲರಿಗೆಲ್ಲ ಪರಿಚಿತವಾದುದು. ನಿಮ್ಮ ಹೋಬಳಿಗೂ ಅದಕ್ಕೂ ಹೆಸರಿನ ಹೋಲಿಕೆಯ ಹೊರತು ನಂಟಿಲ್ಲ. ಆದರೂ ಇಲ್ಲಿ ನಿಂತಾಗ ಅದು ನೆನಪಾಗದಿರದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿಪತ್ರಗಳನ್ನು ಖೋಟಾ ಮಾಡಲೆತ್ನಿಸಿದನೆಂದು ಒಬ್ಬ ವಿದ್ಯಾವಂತನಿಗೆ ಮುಂಬಯಿ ಹೈಕೋರ್ಟು ಮೂರು ವರ್ಷಗಳ ಸೆರೆವಾಸ ವಿಧಿಸಿತ್ತು. ತೀರ್ಪಿನ ಪ್ರತಿ ಸಕಾಲದಲ್ಲಿ ಕೈಸೇರಲಿಲ್ಲವೆಂದು ಹೇಳಿಕೊಂಡು ಅವನು ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ ನಾಲ್ಕು ವರ್ಷಗಳಿಗೂ ಮಿಕ್ಕಿ ಕಳೆದಿತ್ತು. 1978ರಲ್ಲಿ ಅವನ ಅರ್ಜಿ ವಜಾ ಆಯಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು, ಸೆರೆಯಾಳಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದೆಂದೂ, ವಕೀಲನನ್ನಿಡಲು ಶಕ್ತಿಯಿಲ್ಲದವನಿಗೆ ಸರಕಾರವೇ ವಕೀಲನನ್ನು ಒದಗಿಸುವುದು ದಾನವಲ್ಲ, ಕರ್ತವ್ಯವೆಂದೂ ಸಾರಿದರು. ಸೋತವನ ಮೊಕದ್ದಮೆಯಿಂದ ಕೋಟ್ಯವಧಿ ಜನರಿಗೆ ಹಕ್ಕು ದೊರೆತ ಬಗೆಯಿದು.

ಸಂವಿಧಾನದಲ್ಲಿ 39ಎ ಅನುಚ್ಛೇದವು 1976ರಲ್ಲಿಯೇ ಸೇರಿತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು, ಇವರಾರಿಗೂ ವರಮಾನದ ಮಿತಿಯೇ ಇಲ್ಲ. ಇದನ್ನು ನಮ್ಮ ಜನರಲ್ಲಿ ಎಷ್ಟು ಮಂದಿ ಬಲ್ಲರು?

ಹಕ್ಕು ಕಾಗದದಲ್ಲಿದ್ದರೆ ಸಾಲದು. ಕಾಫಿಯ ಕಣದಿಂದ ಒಂದು ಮೂಟೆ ಬೀಜ ಕದ್ದನೆಂದು ತೋಟದ ಕೂಲಿಯೊಬ್ಬನನ್ನು ಹಿಡಿದರೆಂದು ಭಾವಿಸೋಣ. ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಂದೇ ವಕೀಲನು ಬೇಕು. ಇಂತಹ ಆರೋಪದಲ್ಲಿ ಅರುವತ್ತು ದಿನಗಳೊಳಗೆ ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕು. ಆದರೆ ಈ ಹಕ್ಕು ತಾನಾಗಿ ಬರುವುದಿಲ್ಲ, ಕೇಳಬೇಕು. ಕೇಳುವ ಮೊದಲೇ ಪಟ್ಟಿ ಬಂದರೆ ಆ ಹಕ್ಕು ಹೋಯಿತು! ದಿನ ಎಣಿಸದ ವಕೀಲನು ಇದ್ದೂ ಇಲ್ಲದಂತೆಯೇ. ಜಾಮೀನು ಸಿಕ್ಕಿದ ಮೇಲೂ, ಪಹಣಿಯುಳ್ಳ ಜಾಮೀನುದಾರನು ಪರವೂರಿನ ಕೂಲಿಗೆ ಎಲ್ಲಿಂದ ಬರಬೇಕು? ಇದನ್ನರಿತೇ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ, ಜಾಮೀನಿನ ಆಜ್ಞೆಯಾಗಿ ಏಳು ದಿನಗಳಾದರೂ ಬಿಡುಗಡೆಯಾಗದವನ ವಿಷಯವನ್ನು ಸೆರೆಮನೆಯ ಅಧಿಕಾರಿಯು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದೆಂದು ವಿಧಿಸಿತು.

ಅವಸರದ ನ್ಯಾಯದ ಒಂದು ದೃಷ್ಟಾಂತವನ್ನು ಹೇಳದೆ ಮುಂದೆ ಹೋಗಲಾರೆವು. 2013ರಲ್ಲಿ ಮಧ್ಯಪ್ರದೇಶದಲ್ಲಿ ಒಬ್ಬ ಆರೋಪಿಗೆ ದೋಷಾರೋಪಣೆಯಾದ ದಿನವೇ ಉಚಿತ ವಕೀಲನನ್ನು ನೇಮಿಸಿ, ಸುಮಾರು ಒಂದು ಪಕ್ಷದೊಳಗೆ ವಿಚಾರಣೆ ಮುಗಿಸಿ, ಮರಣದಂಡನೆ ವಿಧಿಸಿದರು. ವಕೀಲನಿಗೆ ಕಾಗದಪತ್ರ ಓದಲು ಬಿಡುವೆಲ್ಲಿ? 2019ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿ ಮರುವಿಚಾರಣೆಗೆ ಆಜ್ಞಾಪಿಸಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಸಂಭವವಿರುವಲ್ಲಿ ಹತ್ತು ವರ್ಷಗಳ ಅನುಭವವುಳ್ಳವರನ್ನೇ ನೇಮಿಸಬೇಕೆಂದೂ, ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಾದರೂ ಇರಬೇಕೆಂದೂ ಹೇಳಿತು.

ಈಚೆಗೆ, 2022ರಲ್ಲಿ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ಹೊಸ ಏರ್ಪಾಡೊಂದನ್ನು ತಂದಿತು. ಹಿಂದಿನಂತೆ ತಮ್ಮ ಸ್ವಂತ ಕಕ್ಷಿದಾರರ ನಡುವೆ ಬಿಡುವಾದಾಗ ಬರುವ ವಕೀಲರಲ್ಲ; ಜಿಲ್ಲಾ ಕೇಂದ್ರದಲ್ಲಿ ಪೂರ್ಣಕಾಲ ಆರೋಪಿಗಳ ಕೆಲಸವನ್ನೇ ಮಾಡುವ ವಕೀಲರ ಕಚೇರಿ. ಮುಖ್ಯಸ್ಥರಿಗೆ ಕ್ರಿಮಿನಲ್ ಕಾನೂನಿನಲ್ಲಿ ಹತ್ತು ವರ್ಷ, ಅವರ ಕೆಳಗಿನವರಿಗೆ ಏಳು ವರ್ಷಗಳ ಅನುಭವವಿರಬೇಕು. ಸಹಾಯಕರಾಗಿ ಹೊಸಬರು ಸೇರಬಹುದು. ಇದು ಒಳ್ಳೆಯ ಹೆಜ್ಜೆಯೆಂದು ನಾವು ಒಪ್ಪುತ್ತೇವೆ. ಆದರೆ ಆರೋಪ ಹೊರಿಸುವ ಸರಕಾರಿ ಅಭಿಯೋಜಕರಿಗೆ ಖಾಯಂ ಇಲಾಖೆಯುಂಟು. ಆರೋಪಿಯನ್ನು ಕಾಯುವವರಿಗೆ ಒಪ್ಪಂದದ ಕೆಲಸ! ನಾಳಿನ ಅನ್ನದ ಚಿಂತೆಯುಳ್ಳವನು ಪೀಠದೆದುರು ನಿರ್ಭಯವಾಗಿ ವಾದಿಸಬಲ್ಲನೇ ಎಂಬ ಶಂಕೆ ನಮ್ಮನ್ನು ಬಿಟ್ಟಿಲ್ಲ.

ತರಬೇತಿಯ ಮಾತಿಗೆ ಬರೋಣ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಡವನಿಗೆ ವಕೀಲನನ್ನು ಕೊಡುವ ಹಳೆಯ 304ನೆಯ ಕಲಮು ಈಗ 341. ಹೊಸ 479ನೆಯ ಕಲಮಿನಂತೆ, ಮರಣದಂಡನೆ, ಜೀವಾವಧಿ ಮೊದಲಾದ ಪ್ರಸಂಗಗಳ ಹೊರತು, ಮೊದಲ ಬಾರಿ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯಲ್ಲಿಯೇ ಕಳೆದಿದ್ದರೆ ಬಿಡುಗಡೆ ಹೊಂದಬಹುದು. ಈ ಲೆಕ್ಕವನ್ನು ಕಲಿಸುವುದು ಸುಲಭ. ಸೆರೆಮನೆಗೆ ಹೋಗಿ ಆರೋಪಿಯ ಎದುರು ಕುಳಿತು ಅವನ ಕಥೆಯನ್ನು ಕೇಳುವುದನ್ನು ಕಲಿಸುವುದು ಕಷ್ಟ.

ಇಲ್ಲಿಯೇ ಭಾಷೆಯ ಪ್ರಶ್ನೆ ಬರುತ್ತದೆ. ಕನ್ನಡಿಗನ ಮೇಲಿನ ಸಾಕ್ಷ್ಯ ಅವನಿಗೆ ಕನ್ನಡದಲ್ಲಿಯೇ ತಿಳಿಯಬೇಕೆಂದು ನಾವು ಹಟ ಹಿಡಿಯುವುದು ನ್ಯಾಯ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದೆಂದು ಸಂಹಿತೆಯೂ ವಿಧಿಸುತ್ತದೆ. ಆದರೆ ಆಲೂರು ಸಕಲೇಶಪುರಗಳ ತೋಟಗಳಲ್ಲಿ ಇಂದು ತಮಿಳರೂ ಅಸ್ಸಾಮಿನವರೂ ದುಡಿಯುತ್ತಿದ್ದಾರೆ. ನಮಗೆ ಬೇಡಿದುದನ್ನು ಅವರಿಗೆ ನಿರಾಕರಿಸಲಾಗದು. ಹಾಸನದ ಸೆಷನ್ಸ್ ನ್ಯಾಯಾಲಯದಲ್ಲಿ ಅಸ್ಸಾಮಿ ಬಲ್ಲ ದುಭಾಷಿಯನ್ನು ಹುಡುಕುವುದೂ ಈ ವಕೀಲರ ಕೆಲಸವೇ ಆಗಿದೆ. ತರಬೇತಿಯಲ್ಲಿ ಇದಕ್ಕೂ ಒಂದು ದಿನವನ್ನು ಇಡಬೇಕೆಂಬುದು ನಮ್ಮ ಬೇಡಿಕೆ.

ನಿಮ್ಮ ನೆರೆಯವರಾರಾದರೂ ಸೆರೆಯಲ್ಲಿದ್ದರೆ 15100ಕ್ಕೆ ಫೋನು ಮಾಡಿರಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. ಅರ್ಜಿ ಕನ್ನಡದಲ್ಲಿದ್ದರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದುದನ್ನು ಅಲ್ಲಿನವರು ಬರೆದುಕೊಂಡು ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳತಕ್ಕದ್ದು.