ಹೊತ್ತಿಗೆ ಬಾರದ ನೆರವು



1780ರ ಸೆಪ್ಟೆಂಬರಿನಲ್ಲಿ ಕಂಪನಿ ಸರಕಾರದ ಕರ್ನಲ್ ಬೇಲಿಯ ದಂಡು ಪೊಳ್ಳಿಲೂರಿನ ಬಳಿ ಹೈದರಾಲಿ, ಟಿಪ್ಪುವಿನ ಸೈನ್ಯದ ಸುತ್ತಿನಲ್ಲಿ ಸಿಕ್ಕಿಬಿದ್ದಿತು. ಕೆಲವೇ ಮೈಲಿ ಆಚೆ ಕಂಚಿಯಲ್ಲಿ ಜನರಲ್ ಮನ್ರೋ ಅದಕ್ಕಿಂತ ದೊಡ್ಡ ಸೈನ್ಯ ಇಟ್ಟುಕೊಂಡಿದ್ದ. ದಾಸ್ತಾನು ಬಿಟ್ಟು ಕದಲದೆ, ಸುಮಾರು ಸಾವಿರ ಜನರನ್ನಷ್ಟೇ ಕಳಿಸಿದ. ಅವರೂ ಸುತ್ತಿನೊಳಗೇ ಸಿಕ್ಕರು. 10ರಂದು ತಾನೇ ಹೊರಟನಾದರೂ ಹೊತ್ತು ಮೀರಿತ್ತು: ಮದ್ದಿನ ಬಂಡಿಗಳು ಸಿಡಿದು ದಂಡು ನಾಶವಾಗಿತ್ತು. ದೊಡ್ಡ ಫಿರಂಗಿಗಳನ್ನು ಕಂಚಿಯ ಕೆರೆಗೆ ನೂಕಿ ಮನ್ರೋ ಮದರಾಸಿಗೆ ಓಡಿದ.

ದಾಸ್ತಾನಿಗಾಗಿ ಆಳನ್ನು ಬಲಿಗೊಟ್ಟ ಲೆಕ್ಕಾಚಾರ ಇದು. ಆ ದಂಡಿನ ಸುಮಾರು 3,800 ಜನರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿದ ನಮ್ಮ ದೇಶದ ಸಿಪಾಯಿಗಳೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಅವನ ಹೆಸರು ನಮಗೆಲ್ಲ ಗೊತ್ತು. ಆ ಸಿಪಾಯಿಗಳ ಹೆಸರು ಹೇಳುವವರು ನಮ್ಮಲ್ಲಿ ಯಾರಿದ್ದಾರೆ?