ಎಚ್ಚರಿಕೆಗಳ ಗದ್ದಲ

ಅತಿಯಾದರೆ ಅಮೃತವೂ ವಿಷವೆಂಬ ಮಾತು ಎಚ್ಚರಿಕೆಗೂ ಸಲ್ಲುತ್ತದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ, ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಮಿಕ್ಕಿ ಎಚ್ಚರಿಕೆಗಳು ಮೊಳಗಿದವು. ಗೌಣವಾದುವನ್ನು ತಡೆದು ಮುಖ್ಯವಾದುದನ್ನು ತೋರುವ ಏರ್ಪಾಡು ಅಲ್ಲಿರಲಿಲ್ಲವೆಂದು ತನಿಖಾ ಆಯೋಗ ಹೇಳಿತು. ಅದರ ಅಧ್ಯಕ್ಷರು, ಬೇಸಿಕ್ ಎಂಬ ಗಣಕಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ಜಾನ್ ಕೆಮೆನಿ.

ಇಂದು ಜಾಲತಾಣ ಕಟ್ಟುವವರಿಗೆ, ದೋಷಗಳನ್ನು ಬರೆದು ತೋರುವ ಬ್ರೌಸರಿನ ಕನ್ಸೋಲಿನಲ್ಲಿ ಅಂಥದೇ ಗದ್ದಲ. ಆದರೆ ಇಲ್ಲಿ ಆ ಏರ್ಪಾಡು ಉಂಟು. ಕ್ರೋಮ್ ಬ್ರೌಸರಿನಲ್ಲಿ ಹಳದಿಯ ಎಚ್ಚರಿಕೆಗಳನ್ನು ಮರೆಮಾಡಿ ಕೆಂಪಿನ ದೋಷಗಳನ್ನಷ್ಟೇ ನೋಡಬಹುದು. ಒಂದು ಪದದ ಮೊದಲಿಗೆ ಕಳೆಯುವ ಚಿಹ್ನೆಯಿಟ್ಟು ಸೋಸಿದರೆ ಆ ಪದವುಳ್ಳ ಸಾಲುಗಳು ಕಾಣವು. ಕಾಣದಿದ್ದರೂ ಅವು ಇದ್ದೇ ಇರುತ್ತವೆ. ಹಳತಾದ ಸೌಕರ್ಯವೊಂದನ್ನು ಕುರಿತ ಇಂದಿನ ಹಳದಿ, ಆ ಸೌಕರ್ಯವನ್ನು ತೆಗೆದುಹಾಕಿದ ದಿನ ಕೆಂಪಾದೀತು. ಆದುದರಿಂದ ಕೆಂಪನ್ನು ತಿದ್ದಿದ ಮೇಲೆ, ಮರೆಯನ್ನು ಸರಿಸಿ ಹಳದಿಯನ್ನೂ ಓದಬೇಕು.